ಗರ್ಭಸ್ಥ ಶಿಶುವೂ ದಂಡನೀತಿಯೂ

ತುಂಬು ಬಸುರಿಯಾದ ಹೆಂಗಸೊಬ್ಬಳ ಹೊಟ್ಟೆಗೆ ಒಬ್ಬ ದುರಾತ್ಮನು ಒದೆಯುತ್ತಾನೆ. ಹೆಂಗಸು ಹೇಗೋ ಬದುಕಿಕೊಳ್ಳುತ್ತಾಳೆ. ಒಳಗಿನ ಕೂಸು ಸಾಯುತ್ತದೆ. ಇದು ಕೊಲೆಯೇ, ಅಲ್ಲವೇ? ವಾಚಕರಾದ ನೀವು ಈ ಪ್ರಶ್ನೆಯನ್ನು ಮನೆಯವರಲ್ಲಿ, ನೆರೆಹೊರೆಯವರಲ್ಲಿ ಕೇಳಿ ನೋಡಿ. "ಕೊಲೆಯಲ್ಲದೆ ಮತ್ತೇನು?" ಎಂದು ನಿಮ್ಮನ್ನೇ ಮರಳಿ ಕೇಳಿಯಾರು. ನಮ್ಮ ಭಾಷೆಯೂ ಅವರ ಪಕ್ಷವೇ. ಭ್ರೂಣಹತ್ಯೆ ಎನ್ನುತ್ತೇವೆ, ಹತ್ಯೆ ಎಂದ ಮೇಲೆ ಕೊಲೆಯೆಂದೇ ಆಯಿತಷ್ಟೆ.

ಆದರೆ ನಮ್ಮ ದೇಶದ ದಂಡಶಾಸನ ಹಾಗೆನ್ನುವುದಿಲ್ಲ. ತಾಯಿಯ ಗರ್ಭದಲ್ಲಿರುವ ಶಿಶುವಿನ ಮರಣವನ್ನುಂಟುಮಾಡುವುದು ನರಹತ್ಯೆಯಲ್ಲ ಎಂದು ಅದು ಬಿಡಿಸಿ ಹೇಳುತ್ತದೆ. 1860ರ ಇಂಡಿಯನ್ ಪೀನಲ್ ಕೋಡಿನ 299ನೆಯ ಕಲಮಿಗೆ ಸೇರಿದ ಮೂರನೆಯ ವಿವರಣೆಯಲ್ಲಿ ಈ ಮಾತು ಇತ್ತು. 2024ನೆಯ ಜುಲೈ 1ರಿಂದ ಆ ಕೋಡು ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕಲಮಿನ ಸಂಖ್ಯೆ 100 ಆಗಿದೆ; ಮಾತು ಮಾತ್ರ ಹಿಂದಿನದೇ.

ಹಾಗೆಂದು ಆ ದುರಾತ್ಮನು ಕೈಬೀಸಿಕೊಂಡು ಮನೆಗೆ ಹೋಗಬಹುದೆಂದು ಯಾರೂ ತಿಳಿಯಬಾರದು. ಅವನಿಗೆ ಹತ್ತು ವರ್ಷದ ಸೆರೆ, ಸಂದರ್ಭವಿದ್ದರೆ ಜೀವಾವಧಿ ಶಿಕ್ಷೆಯೂ ಕಾದಿರುತ್ತದೆ. ಶಿಕ್ಷೆ ಇಷ್ಟು ಕಠಿನವಾಗಿರುವಾಗ ಕೊಲೆ ಎಂಬ ಹೆಸರನ್ನು ಮಾತ್ರ ಏಕೆ ತಡೆಹಿಡಿದರು? ನಾನು ವಕೀಲನಲ್ಲ, ಕನ್ನಡ ಪಾಠ ಹೇಳುವವನು. ಆದುದರಿಂದ ಮೊದಲು ಶಬ್ದದಿಂದಲೇ ಹೊರಡುತ್ತೇನೆ; ನ್ಯಾಯವಾದಿಗಳು ಮನ್ನಿಸಬೇಕು.

ಭ್ರೂಣ ಎಂಬ ಶಬ್ದಕ್ಕೆ ಧರ್ಮಸೂತ್ರಗಳಲ್ಲಿ ಎರಡು ಅರ್ಥಗಳುಂಟು: ಒಂದು ಗರ್ಭ, ಇನ್ನೊಂದು ವೇದವಿದನಾದ ಬ್ರಾಹ್ಮಣ. ಇಬ್ಬರಲ್ಲಿ ಯಾರನ್ನು ಕೊಂದವನೂ ಭ್ರೂಣಹನೇ ಎಂದು ವಾಸಿಷ್ಠ ಧರ್ಮಸೂತ್ರ ಹೇಳುತ್ತದೆ. ಗಂಡೋ ಹೆಣ್ಣೋ ತಿಳಿಯದ ಗರ್ಭವನ್ನು ಕೊಂದವನಿಗೆ ಬ್ರಹ್ಮಹತ್ಯೆಯ ಪ್ರಾಯಶ್ಚಿತ್ತವೇ ಎಂದು ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯದಲ್ಲಿದೆ. ಇಲ್ಲಿ ಗಮನಿಸತಕ್ಕದ್ದೇನೆಂದರೆ, ಇದು ಪಾಪದ ಲೆಕ್ಕ, ದಂಡದ ಲೆಕ್ಕವಲ್ಲ. ಪಾಪಕ್ಕೆ ಪ್ರಾಯಶ್ಚಿತ್ತ, ಅಪರಾಧಕ್ಕೆ ದಂಡ. ಪಾಪವನ್ನು ತೂಗುವ ತಕ್ಕಡಿಯಲ್ಲೇ ಅಪರಾಧವನ್ನೂ ತೂಗಬೇಕೆಂಬ ನಿಯಮ ನಮ್ಮ ಹಿರಿಯರಲ್ಲಿಯೂ ಇರಲಿಲ್ಲ.

ಇದಕ್ಕೆ ಕೌಟಿಲ್ಯನೇ ಸಾಕ್ಷಿ. ಅವನ ಅರ್ಥಶಾಸ್ತ್ರದ ಓಲೆಯ ಪ್ರತಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದುದು, 1909ರಲ್ಲಿ ಅವರು ಅದನ್ನು ಅಚ್ಚು ಹಾಕಿಸಿದುದು ನಮ್ಮವರೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುವ ಸಂಗತಿ. ಅದರ ನಾಲ್ಕನೆಯ ಅಧಿಕರಣದಲ್ಲಿ, ಹೊಡೆದು ಗರ್ಭಪಾತ ಮಾಡಿದವನಿಗೆ ಉತ್ತಮ ಸಾಹಸದಂಡ, ಮದ್ದು ಕೊಟ್ಟು ಮಾಡಿಸಿದವನಿಗೆ ಮಧ್ಯಮ, ಮೈಮುರಿಯುವಂತೆ ಕಷ್ಟಕೊಟ್ಟು ಮಾಡಿಸಿದವನಿಗೆ ಪ್ರಥಮ ಸಾಹಸದಂಡ ಎಂದು ಇಳಿಕೆಯ ಕ್ರಮದಲ್ಲಿ ವಿಧಿಸಿದೆ. ಮೂರೂ ದಂಡಗಳೇ, ಶೂಲವಿಲ್ಲ, ಶಿರಚ್ಛೇದವಿಲ್ಲ. ಶೂಲಕ್ಕೆ ಹಿಂಜರಿಯುವ ಗ್ರಂಥವಲ್ಲ ಅದು. ಆದರೂ ಇಲ್ಲಿ ಕೊಲೆಯ ಶಿಕ್ಷೆಯನ್ನು ಹೇಳಲಿಲ್ಲ. ಇನ್ನೊಂದು ವಿಶೇಷವೆಂದರೆ, ಗರ್ಭಕ್ಕೆ ಆದ ಹಾನಿ ಮೂರರಲ್ಲಿಯೂ ಒಂದೇ ಆಗಿರಲು ದಂಡದಲ್ಲಿ ಭೇದವಿದೆ. ಭೇದ ಬಂದದ್ದು ಯಾವುದರಿಂದ? ತಾಯಿಯ ಮೈಮೇಲೆ ನಡೆದ ಹಿಂಸೆಯ ಬಗೆಯಿಂದ. ಹೊರಗಿನವನ ಕೈ ಮಗುವನ್ನು ಮುಟ್ಟಬೇಕಾದರೆ ತಾಯಿಯನ್ನು ಮುಟ್ಟಿಯೇ ಮುಟ್ಟಬೇಕು. ಈ ಸಂಗತಿಯನ್ನು ಹಿಡಿದುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಇನ್ನು ಈಗಿನ ಶಾಸನದ ವಂಶಾವಳಿಗೆ ಬರೋಣ. ಇಂಗ್ಲೆಂಡಿನ ಹದಿನೇಳನೆಯ ಶತಮಾನದ ನ್ಯಾಯಶಾಸ್ತ್ರಜ್ಞ ಎಡ್ವರ್ಡ್ ಕೋಕ್ ಎಂಬಾತನು ಒಂದು ಗೆರೆ ಎಳೆದಿದ್ದನು. ಏಟಿನಿಂದಲೋ ಕಷಾಯದಿಂದಲೋ ಮಗು ಗರ್ಭದಲ್ಲೇ ಸತ್ತರೆ ಅದು ದೊಡ್ಡ ದುಷ್ಕೃತ್ಯ, ಆದರೆ ಕೊಲೆಯಲ್ಲ. ಮಗು ಜೀವದಿಂದ ಹುಟ್ಟಿ ಆಮೇಲೆ ಅದೇ ಏಟಿನಿಂದ ಸತ್ತರೆ ಕೊಲೆ. ಹುಟ್ಟೇ ಗೆರೆ. ಹುಟ್ಟುವುದೆಂದರೆ ಇಡೀ ದೇಹ ತಾಯಿಯಿಂದ ಹೊರಬಂದಿರಬೇಕೆಂದು ಅಲ್ಲಿನ ಕೋರ್ಟುಗಳು ಹಿಡಿದುವು. ಇದರಿಂದ ಒಂದು ವಿಪರೀತ ಸಂಭವಿಸಿತು. ಹೆರಿಗೆ ನಡೆಯುತ್ತಿರುವಾಗ, ಅರ್ಧ ಹೊರಬಂದ ಮಗುವಿನ ಕತ್ತು ಹಿಸುಕಿದವನು ಕೊಲೆಗಾರನೂ ಅಲ್ಲ, ಗರ್ಭಪಾತ ಮಾಡಿದವನೂ ಅಲ್ಲ ಎಂಬಂತಾಯಿತು. ಈ ಬಿರುಕನ್ನು ಇಂಗ್ಲೆಂಡು ಮುಚ್ಚಿದುದು 1929ರಲ್ಲಿ, ಪ್ರತ್ಯೇಕ ಶಾಸನದಿಂದ.

ನಮ್ಮಲ್ಲಿ ಅದು ಎಷ್ಟೋ ಮೊದಲೇ ಮುಚ್ಚಿತ್ತು. ಮೆಕಾಲೆಯ ಅಧ್ಯಕ್ಷತೆಯ ಲಾ ಕಮಿಷನ್ನು 1837ರಲ್ಲಿ ಕರಡು ಸಿದ್ಧಮಾಡಿದ ಪೀನಲ್ ಕೋಡು 1860ರಲ್ಲಿ ಶಾಸನವಾಗಿ 1862ರ ಜನವರಿ 1ರಂದು ಜಾರಿಗೆ ಬಂತಷ್ಟೆ. ಆಗಲೇ ಹೇಳಿದ ಮೂರನೆಯ ವಿವರಣೆಗೆ ಎರಡನೆಯ ವಾಕ್ಯವೊಂದುಂಟು. ಬದುಕಿರುವ ಮಗುವಿನ ಯಾವುದಾದರೂ ಒಂದು ಅಂಗ ಹೊರಬಂದಿದ್ದರೆ ಸಾಕು. ಅದು ಉಸಿರಾಡಿರಬೇಕಿಲ್ಲ, ಪೂರ್ತಿ ಹುಟ್ಟಿರಬೇಕಿಲ್ಲ. ಅದನ್ನು ಕೊಂದರೆ ನರಹತ್ಯೆಯಾಗಬಹುದು. ಒಂದು ಕೈಯೋ ಕಾಲೋ ಹೊರಗಿನ ಬೆಳಕನ್ನು ಕಂಡಿತೆಂದರೆ ಆ ಮಗು ನಮ್ಮ ನಿಮ್ಮ ಹಾಗೆ ನರಪ್ರಾಣಿ. ಮೆಕಾಲೆಯಲ್ಲಿ ನನಗೆ ಅಷ್ಟೇನೂ ಭಕ್ತಿಯಿಲ್ಲ; ನಮ್ಮ ವಿದ್ಯೆಗಳನ್ನು ಕುರಿತು ಅವನಾಡಿದ ಮಾತನ್ನು ಪಂಡಿತರಾರೂ ಮರೆತಿಲ್ಲ. ಆದರೆ ಈ ಗೆರೆಯನ್ನು ಚೊಕ್ಕವಾಗಿ ಎಳೆದಿದೆಯೆಂದು ಒಪ್ಪಲೇಬೇಕು.

ಗೆರೆಯ ಈಚೆ ಕೊಲೆ. ಆಚೆ ಏನು? ಅಲ್ಲಿರುವುದು ಹಳೆಯ ಕೋಡಿನ 312ರಿಂದ 316ರವರೆಗಿನ, ಹೊಸ ಸಂಹಿತೆಯ 88ರಿಂದ 92ರವರೆಗಿನ ಐದು ಕಲಮುಗಳು. ಮೊದಲನೆಯದು, ತಾಯಿಯ ಪ್ರಾಣವನ್ನು ಉಳಿಸುವ ಸದುದ್ದೇಶವಿಲ್ಲದೆ ಗರ್ಭಪಾತ ಮಾಡಿಸುವುದು. ಮೂರು ವರ್ಷದವರೆಗೆ ಸೆರೆ. ಆ ಹೆಂಗಸು 'ಕ್ವಿಕ್' ಆಗಿದ್ದರೆ ಏಳು ವರ್ಷದವರೆಗೆ.

ಈ ಕ್ವಿಕ್ ಎಂಬ ಶಬ್ದದ ಬಳಿ ನೀವು ಸ್ವಲ್ಪ ನಿಲ್ಲಬೇಕು. ಈಗಿನ ಇಂಗ್ಲಿಷಿನಲ್ಲಿ ಅದಕ್ಕೆ ಬೇಗ ಎಂದರ್ಥ. ಹಳೆಯ ಇಂಗ್ಲಿಷಿನಲ್ಲಿ ಜೀವವುಳ್ಳದ್ದು ಎಂದು. ತಾಯಿಗೆ ಒಳಗಿನ ಮಗು ಮಿಸುಕಿದ್ದು ಗೊತ್ತಾದ ಮೇಲಿನ ಅವಸ್ಥೆಯನ್ನು ಆ ಶಬ್ದ ಹೇಳುತ್ತದೆ; ಸಾಮಾನ್ಯವಾಗಿ ಹದಿನಾರರಿಂದ ಇಪ್ಪತ್ತನೆಯ ವಾರದೊಳಗೆ ಇದು ತಿಳಿಯುತ್ತದೆ. ನಮ್ಮ ಆಯುರ್ವೇದದವರು ನಾಲ್ಕನೆಯ ತಿಂಗಳ ಗರ್ಭಿಣಿಯನ್ನು ದೌಹೃದಿನಿ ಎಂದು ಕರೆದರು. ಎರಡು ಹೃದಯವುಳ್ಳವಳು ಎಂದು ಅದರ ಅರ್ಥವೆಂದು ಸುಶ್ರುತ ಸಂಹಿತೆ ಬಿಡಿಸುತ್ತದೆ: ಆಗ ಗರ್ಭದ ಹೃದಯ ವ್ಯಕ್ತವಾಗುತ್ತದೆ, ಅದರ ಇಚ್ಛೆ ತಾಯಿಯ ಬಾಯಿಂದ ಹೊರಡುತ್ತದೆ. ನಾವು ಬಸುರಿಯ ಬಯಕೆ ಎನ್ನುವುದನ್ನು ಕಾವ್ಯಗಳು ದೋಹದ ಎನ್ನುವುದು ಈ ವಿಚಾರಕ್ಕೆ ಸೇರಿದುದೇ. ಇಂಗ್ಲಿಷರ ಕ್ವಿಕ್ಕೂ ನಮ್ಮ ದೌಹೃದವೂ ಒಂದೇ ತಿಂಗಳಿಗೆ ಬಂದು ನಿಂತಿರುವುದು ಸೋಜಿಗವಲ್ಲವೇ? ಎರಡಕ್ಕೂ ಪ್ರಮಾಣ ತಾಯಿಯ ಅನುಭವ. ಈಗ ಆರೇಳು ವಾರಕ್ಕೇ ಸ್ಕ್ಯಾನಿಂಗ್ ಯಂತ್ರದಲ್ಲಿ ಹೃದಯದ ಮಿಡಿತ ಕಾಣಿಸುತ್ತದೆ. ಆದರೂ 2023ರಲ್ಲಿ ಬರೆದ ಸಂಹಿತೆಯಲ್ಲಿ ಅದೇ ಹಳೆಯ ಕ್ವಿಕ್ ಕುಳಿತಿದೆ. ಯಂತ್ರ ಕಂಡದ್ದನ್ನಲ್ಲ, ತಾಯಿ ಅರಿತದ್ದನ್ನು ಶಾಸನ ಇಂದಿಗೂ ಅಳತೆಗೋಲಾಗಿ ಇಟ್ಟುಕೊಂಡಿದೆ.

ಎರಡನೆಯ ಕಲಮು, ಹೆಂಗಸಿನ ಸಮ್ಮತಿಯಿಲ್ಲದೆ ಗರ್ಭಪಾತ ಮಾಡಿಸುವುದು. ಮಗು ಮಿಸುಕಿರಲಿ ಬಿಡಲಿ, ಜೀವಾವಧಿ ಶಿಕ್ಷೆ ಅಥವಾ ಹತ್ತು ವರ್ಷದವರೆಗೆ ಸೆರೆ. ಮೂರು ವರ್ಷದಿಂದ ಜೀವಾವಧಿಗೆ ಹಾರಿದ ಈ ಅಂತರಕ್ಕೆ ಕಾರಣ ಮಗುವಿನ ವಯಸ್ಸಲ್ಲ, ತಾಯಿಯ ಇಚ್ಛೆ. ಮೂರನೆಯದು, ಗರ್ಭಪಾತ ಮಾಡಿಸಹೋಗಿ ತಾಯಿಯನ್ನೇ ಕೊಂದವನಿಗೆ ಸೇರಿದ್ದು. ನಾಲ್ಕನೆಯದು, ಮಗು ಜೀವದಿಂದ ಹುಟ್ಟಬಾರದೆಂದು ಅಥವಾ ಹುಟ್ಟಿದ ಮೇಲೆ ಸಾಯಲೆಂದು ಹುಟ್ಟುವುದಕ್ಕೆ ಮೊದಲೇ ಮಾಡಿದ ಕೃತ್ಯ. ಐದನೆಯದಕ್ಕೆ ಶಾಸನವೇ ಒಂದು ನಿದರ್ಶನ ಕೊಟ್ಟಿದೆ: ಒಬ್ಬನು ಗರ್ಭಿಣಿಯು ಸಾಯಬಹುದೆಂದು ತಿಳಿದೂ ಅವಳ ಮೇಲೆ ಹಲ್ಲೆ ಮಾಡುತ್ತಾನೆ, ಅವಳು ಸಾಯುವುದಿಲ್ಲ, ಮಿಸುಕುತ್ತಿದ್ದ ಮಗು ಸಾಯುತ್ತದೆ, ಅವನು ಅಪರಾಧಿ, ಹತ್ತು ವರ್ಷದವರೆಗೆ ಸೆರೆ. ನಾನು ಮೊದಲಲ್ಲಿ ಕೇಳಿದ ಪ್ರಶ್ನೆಗೆ ಇದೇ ಉತ್ತರ.

ನಾಲ್ಕನೆಯ ಕಲಮನ್ನು ಓದುವಾಗಲೆಲ್ಲ ನನಗೆ ಸೌಪ್ತಿಕಪರ್ವದ ಅಶ್ವತ್ಥಾಮನ ನೆನಪಾಗುತ್ತದೆ. ಅವನ ಅಸ್ತ್ರ ಉತ್ತರೆಯ ಮೇಲಲ್ಲ, ಅವಳ ಗರ್ಭದ ಮೇಲೆ. ತಾಯಿಗೆ ಗಾಯವಿಲ್ಲ, ಮಗು ಮಾತ್ರ ಸತ್ತು ಹುಟ್ಟಬೇಕು. ತಾಯಿಯನ್ನು ಮುಟ್ಟದೆ ಮಗುವನ್ನು ಮುಟ್ಟುವ ಅಂಥ ಅಸ್ತ್ರ ಪುರಾಣದಲ್ಲಲ್ಲದೆ ಇನ್ನೆಲ್ಲಿಯೂ ಇಲ್ಲ. ಕೃಷ್ಣನು ಪರೀಕ್ಷಿತನಿಗೆ ಮತ್ತೆ ಪ್ರಾಣವಿತ್ತುದರಿಂದ ಅಪರಾಧ ಪೂರ್ಣವಾಯಿತೇ, ಬರಿಯ ಪ್ರಯತ್ನವೆಂದು ಹಿಡಿಯಬೇಕೇ ಎಂದು ವಕೀಲರು ವಾದಿಸಬಹುದು. ವ್ಯಾಸರು ಆ ವಾದಕ್ಕೆ ಎಡೆಗೊಡದೆ ಅವನನ್ನು ಮೂರು ಸಾವಿರ ವರ್ಷ ಅಲೆಯಲು ಕಳುಹಿಸಿದರು.

ಪುರಾಣದ ಮಾತು ಹಾಗಿರಲಿ. ಇಂಗ್ಲೆಂಡಿನಲ್ಲಿ ನಮ್ಮ ಕಾಲದಲ್ಲಿಯೇ ಕೋಕನ ಗೆರೆಗೆ ಒಂದು ಪರೀಕ್ಷೆ ಒದಗಿತು. ಒಬ್ಬನು ತನ್ನಿಂದ ಗರ್ಭಿಣಿಯಾಗಿದ್ದ ಹೆಂಗಸನ್ನು ಚೂರಿಯಿಂದ ಇರಿದನು. ಅವಳು ಬದುಕಿದಳು. ಕೆಲವು ದಿನಗಳ ಮೇಲೆ ತಿಂಗಳು ತುಂಬದ ಹೆರಿಗೆಯಾಯಿತು. ಮಗು ಸುಮಾರು ನಾಲ್ಕು ತಿಂಗಳು ಬದುಕಿ ಸತ್ತಿತು. ಇದು ಕೊಲೆಯೇ ಎಂಬ ಪ್ರಶ್ನೆ ಅಲ್ಲಿನ ಪ್ರಭುಸಭೆಯವರೆಗೆ ಹೋಗಿ 1997ರಲ್ಲಿ ತೀರ್ಮಾನವಾಯಿತು. ಕೊಲೆಯೆಂದು ಹೇಳಲಾಗದು, ಏಕೆಂದರೆ ಅವನ ದ್ವೇಷ ಮಗುವಿನ ಮೇಲಿರಲಿಲ್ಲ. ಆದರೆ ಜೀವದಿಂದ ಹುಟ್ಟಿ ಸತ್ತುದರಿಂದ ಅದಕ್ಕಿಂತ ಕೆಳಗಿನ ನರಹತ್ಯೆಯೆಂದು ಶಿಕ್ಷಿಸಬಹುದು ಎಂದರು. ಗರ್ಭವು ತಾಯಿಯ ಕೈಕಾಲಿನಂತೆ ಅವಳದೇ ಒಂದು ಅಂಗವೆಂಬ ವಾದವನ್ನು ಆ ನ್ಯಾಯಾಧೀಶರು ಒಪ್ಪಲಿಲ್ಲ. ತಾಯಿ ಮಗು ಬೇರೆ ಬೇರೆ ಎಂದೂ ಸಲೀಸಾಗಿ ಹೇಳಲಿಲ್ಲ. ಇಬ್ಬರೂ ಬೇರೆ, ಆದರೆ ಬಿಡಿಸಲಾಗದ ನಂಟಿನಲ್ಲಿರುವವರು ಎಂಬಲ್ಲಿಗೆ ನಿಂತರು.

ಹೀಗಿರಲು ಕೊಲೆ ಎಂಬ ಹೆಸರನ್ನೇ ಇಟ್ಟುಬಿಟ್ಟರೆ ಏನು ನಷ್ಟ? ಅಮೆರಿಕದಲ್ಲಿ 2004ರ ಸಂಯುಕ್ತ ಶಾಸನವೊಂದು ಗರ್ಭಸ್ಥ ಶಿಶುವನ್ನು ಪ್ರತ್ಯೇಕ ಬಲಿಪಶುವೆಂದೇ ಎಣಿಸುತ್ತದೆ. ಆದರೆ ಅದೇ ಶಾಸನವು, ಆ ಗರ್ಭವನ್ನು ಹೊತ್ತ ಹೆಂಗಸಿನ ಮೇಲೆ ಮೊಕದ್ದಮೆ ಹೂಡಬಾರದೆಂದು ಒಂದು ಬೇಲಿಯನ್ನೂ ಹಾಕಿದೆ. ಬೇಲಿ ಏಕೆ ಬೇಕಾಯಿತೆಂದು ಯೋಚಿಸಿ. ಗರ್ಭಕ್ಕೆ ಆಗುವ ಯಾವ ಹಾನಿಯಲ್ಲಾದರೂ ತಾಯಿ ಅಲ್ಲಿ ಇದ್ದೇ ಇರುತ್ತಾಳೆ. ಹುಡುಕಹೊರಟವನಿಗೆ ಮೊದಲು ಸಿಕ್ಕುವ ಆರೋಪಿಯೂ ಅವಳೇ.

ಇದು ಊಹೆಯ ಮಾತಲ್ಲ. ಮೇಲೆ ಹೇಳಿದ ಮೊದಲನೆಯ ಕಲಮಿಗೆ ಒಂದು ವಿವರಣೆಯಿದೆ: ತನ್ನ ಗರ್ಭವನ್ನು ತಾನೇ ಇಳಿಸಿಕೊಂಡ ಹೆಂಗಸೂ ಈ ಕಲಮಿಗೆ ಒಳಪಟ್ಟವಳು. 1837ರ ಕರಡನ್ನು ಬರೆದವರಿಗೇ ಈ ಬಗ್ಗೆ ಅಳುಕಿತ್ತು. ಗರ್ಭಪಾತದ ಶಾಸನ ಈ ದೇಶದಲ್ಲಿ ನೀಚ ಕಾರ್ಯಗಳಿಗೆ ಬಳಕೆಯಾದೀತು, ಸುಳ್ಳು ಆಪಾದನೆಯನ್ನು ಹೊರಿಸಿ ಕುಟುಂಬದ ಮಾನ ಕಳೆದಾರು, ಹಣ ಸುಲಿದಾರು ಎಂದು ಟಿಪ್ಪಣಿಯಲ್ಲಿ ಬರೆದಿಟ್ಟರು. ಬರೆದಿಟ್ಟೂ ಶಾಸನವನ್ನು ಮಾಡಿದರು. ಎಳೆಯ ವಯಸ್ಸಿನ ವಿಧವೆಯರು ಮನೆಮನೆಯಲ್ಲಿದ್ದ ಆ ಕಾಲದಲ್ಲಿ ಇದರ ಭಾರ ಯಾರ ತಲೆಯ ಮೇಲೆ ಬಿದ್ದಿರಬೇಕೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಗರ್ಭಕ್ಕೆ ಕಾರಣನಾದ ಗಂಡಸಿಗೆ ಆ ಕಾರಣಕ್ಕಾಗಿ ಯಾವ ಕಲಮೂ ಇರಲಿಲ್ಲ.

ಇದರ ಜತೆಗೆ ಹಳೆಯ 318ನೆಯ, ಈಗಿನ 94ನೆಯ ಕಲಮನ್ನೂ ಇಟ್ಟು ನೋಡಿ. ಮಗುವಿನ ಹೆಣವನ್ನು ಗುಟ್ಟಾಗಿ ಹೂಳಿ ಹುಟ್ಟನ್ನು ಮರೆಮಾಡಿದರೆ ಎರಡು ವರ್ಷದವರೆಗೆ ಸೆರೆ. ಮಗು ಹುಟ್ಟುವ ಮೊದಲೇ ಸತ್ತಿತೋ, ಹುಟ್ಟುವಾಗಲೋ, ಹುಟ್ಟಿದ ಮೇಲೋ ಎಂಬುದು ಇಲ್ಲಿ ಮುಖ್ಯವಲ್ಲ. ಕೊಲೆಯ ಆರೋಪವಾದರೆ ಮಾತ್ರ ಅದು ಮುಖ್ಯ. ಮಗು ಬದುಕಿತ್ತೆಂದು ಸರ್ಕಾರವೇ ಸ್ಥಾಪಿಸಬೇಕು. ಅದಕ್ಕಾಗಿ ವೈದ್ಯರು ಶಿಶುವಿನ ಶ್ವಾಸಕೋಶವನ್ನು ನೀರಿನಲ್ಲಿ ಬಿಟ್ಟು ತೇಲುವುದೇ ಮುಳುಗುವುದೇ ಎಂದು ನೋಡುವ ಹಳೆಯ ಪರೀಕ್ಷೆಯೊಂದುಂಟು. ಕೊಳೆತರೆ ಉಸಿರಾಡದ ಶ್ವಾಸಕೋಶವೂ ತೇಲಬಹುದು. ಬಾಯಿಂದ ಗಾಳಿ ಊದಿ ಬದುಕಿಸಲು ಯತ್ನಿಸಿದ್ದರೂ ತೇಲಬಹುದು. ಅದೊಂದನ್ನೇ ನಂಬಿ ಒಬ್ಬ ಹೆಂಗಸನ್ನು ಕೊಲೆಗಾರ್ತಿ ಎನ್ನಲಾಗದೆಂದು ವೈದ್ಯಗ್ರಂಥಗಳೇ ಎಚ್ಚರಿಸುತ್ತವೆ.

1862ರಿಂದ ನೂರಹತ್ತು ವರ್ಷ, ತಾಯಿಯ ಪ್ರಾಣರಕ್ಷಣೆಯೊಂದನ್ನು ಬಿಟ್ಟು ಬೇರೆ ವಿನಾಯಿತಿಯೇ ಇರಲಿಲ್ಲ. ಕಳ್ಳತನದಿಂದ ನಡೆದ ಗರ್ಭಪಾತಗಳಲ್ಲಿ ಹೆಂಗಸರು ಸಾಯುತ್ತಿದ್ದುದನ್ನು ಕಂಡು ಸರ್ಕಾರವು 1964ರಲ್ಲಿ ಶಾಂತಿಲಾಲ್ ಷಾ ಸಮಿತಿಯನ್ನು ನೇಮಿಸಿತು. 1971ರಲ್ಲಿ ವೈದ್ಯಕೀಯ ಗರ್ಭಸಮಾಪ್ತಿ ಶಾಸನ ಬಂದು, ಮರುವರ್ಷ ಏಪ್ರಿಲ್ 1ರಿಂದ ಜಾರಿಯಾಯಿತು. ಈ ಶಾಸನದ ಧಾಟಿಯನ್ನು ಗಮನಿಸಿ. ಹೆಂಗಸಿಗೆ ಹಕ್ಕಿದೆ ಎಂದು ಅದು ಹೇಳಲಿಲ್ಲ. ಪೀನಲ್ ಕೋಡಿನಲ್ಲಿ ಏನೇ ಇದ್ದರೂ ಇಂಥಿಂಥ ಸಂದರ್ಭದಲ್ಲಿ ವೈದ್ಯನು ಅಪರಾಧಿಯಲ್ಲ ಎಂದಿತು. 2021ರ ತಿದ್ದುಪಡಿಯ ಮೇಲೆ ಇಪ್ಪತ್ತು ವಾರದವರೆಗೆ ಒಬ್ಬ ವೈದ್ಯರ, ಕೆಲವು ವರ್ಗದ ಹೆಂಗಸರಿಗೆ ಇಪ್ಪತ್ತನಾಲ್ಕು ವಾರದವರೆಗೆ ಇಬ್ಬರ ಅಭಿಪ್ರಾಯ ಸಾಕು. ಅದಕ್ಕೂ ಮೀರಿದಲ್ಲಿ ಭ್ರೂಣದ ತೀವ್ರ ವೈಕಲ್ಯವಿದ್ದರೆ ವೈದ್ಯಮಂಡಲಿ ನಿರ್ಧರಿಸುತ್ತದೆ. ಅವಿವಾಹಿತೆಯೆಂದು ಭೇದ ಮಾಡಬಾರದೆಂದು ಸುಪ್ರೀಂ ಕೋರ್ಟು 2022ರ ಸೆಪ್ಟೆಂಬರಿನಲ್ಲಿ ತೀರ್ಪಿತ್ತಿತು. ಮರುವರ್ಷ ಅಕ್ಟೋಬರಿನಲ್ಲಿ, ಇಪ್ಪತ್ತಾರು ವಾರ ಕಳೆದಿದ್ದ ವಿವಾಹಿತೆಯೊಬ್ಬಳ ಪ್ರಾರ್ಥನೆಯನ್ನು ಅದೇ ಕೋರ್ಟು ಒಪ್ಪಲಿಲ್ಲ. ತಾಯಿಯ ಪ್ರಾಣಕ್ಕೆ ಅಪಾಯವಾಗಲಿ ಮಗುವಿಗೆ ವೈಕಲ್ಯವಾಗಲಿ ಇಲ್ಲವೆಂಬುದು ಕಾರಣ. ಸಮ್ಮತಿ ಯಾರದು ಎಂಬುದರಲ್ಲಿ ಮಾತ್ರ 1971ರಿಂದಲೂ ಗೊಂದಲವಿಲ್ಲ. ಪ್ರಾಪ್ತವಯಸ್ಕಳಾದ ಹೆಂಗಸಿನ ಸಮ್ಮತಿ ಬೇಕು, ಅವಳದೇ ಸಾಕು. ಗಂಡನ ಸಹಿ ಶಾಸನ ಕೇಳಿದ್ದಲ್ಲ. ಆಸ್ಪತ್ರೆಯ ಗುಮಾಸ್ತರು ಕೇಳಿದರೆ ಅದು ಅವರ ಸ್ವಂತ ಕಲ್ಪನೆ.

1994ರ ಶಾಸನದ ಹೊತ್ತಿಗೆ ನ್ಯಾಯದೃಷ್ಟಿ ಎಷ್ಟು ಬದಲಾಗಿತ್ತೆಂಬುದು ನೋಡತಕ್ಕ ವಿಷಯ. ಗರ್ಭದಲ್ಲಿರುವುದು ಗಂಡೋ ಹೆಣ್ಣೋ ಎಂದು ಯಂತ್ರದಿಂದ ತಿಳಿದು ಹೆಣ್ಣನ್ನು ತೆಗೆಸುವ ಪಾಪಕೃತ್ಯವನ್ನು ತಡೆಯಲು ಬಂದ ಶಾಸನವದು. ಲಿಂಗವನ್ನು ತಿಳಿಯದೆ ಕೊಂದವನಿಗೆ ಸ್ಮೃತಿಕಾರರು ಬ್ರಹ್ಮಹತ್ಯೆಯನ್ನು ಹೇಳಿದರು. ಲಿಂಗವನ್ನು ತಿಳಿದೇ ಕೊಲ್ಲುವ ಕಾಲವೊಂದು ಬರುವುದೆಂದು ಅವರು ಕನಸಿನಲ್ಲಿಯೂ ನೆನೆದಿರಲಾರರು. 2023ರ ಕೊನೆಯಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲೇ, ಬೆಲ್ಲ ಕಾಯಿಸುವ ಜಾಗದಲ್ಲಿ, ಇಂಥ ಯಂತ್ರವಿಟ್ಟು ಲಿಂಗ ನೋಡುತ್ತಿದ್ದ ಜಾಲ ಬಯಲಾದುದನ್ನು ನೀವೂ ಪತ್ರಿಕೆಗಳಲ್ಲಿ ಓದಿರಬಹುದು. ಈ ಶಾಸನದ ಪ್ರಕಾರ, ಹೆಂಗಸು ಲಿಂಗಪತ್ತೆಗೆ ಹೋದಳೆಂದರೆ ಗಂಡನೋ ನೆಂಟರೋ ಬಲವಂತಪಡಿಸಿದ್ದರಿಂದ ಹೋದಳೆಂದೇ ಕೋರ್ಟು ಭಾವಿಸಬೇಕು. ಹಾಗಲ್ಲವೆಂದು ಸಾಧಿಸುವ ಹೊಣೆ ಎದುರು ಪಕ್ಷದ್ದು. 1860ರ ಶಾಸನ ತಾಯಿಯನ್ನು ಆರೋಪಿಯ ಕಟಕಟೆಗೆ ಕರೆಯಿತು. 1994ರದು ಅವಳ ಹಿಂದೆ ನಿಂತವರನ್ನು ಕರೆಯಿತು. 2023ರಲ್ಲಿ ಹೊಸ ಸಂಹಿತೆಯನ್ನು ಬರೆದವರು ಈ ಎರಡನೆಯ ದಾರಿಯಲ್ಲಿ ನಡೆದು ಆ ಹಳೆಯ ವಿವರಣೆಯನ್ನು ಕೈಬಿಡಬಹುದಾಗಿತ್ತು. ಬಿಡಲಿಲ್ಲ. ನನಗೆ ಅದು ಸರಿತೋರದು.

ಇಲ್ಲಿ ಮನೆಯ ಹಿರಿಯರೂ ಹಳ್ಳಿಯ ಮುಖಂಡರೂ ತಿಳಿದಿರಬೇಕಾದ ಮಾತೊಂದಿದೆ. ಬಸುರಿಯನ್ನು ಗಂಡನೋ ಅತ್ತೆಯೋ ಮೈದುನನೋ ಹೊಡೆದು ಗರ್ಭ ಹೋದಾಗ, ಬಹಳ ಕಡೆ "ಮನೆಯ ಜಗಳ, ಸಣ್ಣ ಹೊಡೆದಾಟ" ಎಂದು ರಾಜಿ ಪಂಚಾಯಿತಿ ಮಾಡಿ ಮುಗಿಸುವುದುಂಟು. ಅದು ಸಣ್ಣ ಹೊಡೆದಾಟವಲ್ಲ. ಅವಳು ಬಸುರಿಯೆಂದು ತಿಳಿದು, ಹೊಡೆತದಿಂದ ಗರ್ಭ ಹೋಗುವ ಸಂಭವವಿದೆಯೆಂದು ತಿಳಿದು ಹೊಡೆದವನಿಗೆ, "ಗರ್ಭ ತೆಗೆಯಬೇಕೆಂಬ ಉದ್ದೇಶ ನನಗಿರಲಿಲ್ಲ" ಎಂಬ ಸಮಜಾಯಿಷಿ ನಡೆಯದು. ತಿಳಿವಳಿಕೆಯೂ ಶಾಸನಕ್ಕೆ ಸಾಕು. ಹೊಸ ಸಂಹಿತೆಯ 89ನೆಯ ಕಲಮು, ಹಲ್ಲೆ ಪ್ರಾಣಾಂತಿಕವಾಗಿದ್ದರೆ 92ನೆಯ ಕಲಮು ಅನ್ವಯಿಸುತ್ತದೆ. ದೂರು ಬರೆಸುವಾಗ ಗರ್ಭ ಎಷ್ಟು ತಿಂಗಳದ್ದಾಗಿತ್ತು, ಹೊಡೆದವನಿಗೆ ಅದು ಗೊತ್ತಿತ್ತೇ, ಯಾವ ಆಸ್ಪತ್ರೆಯಲ್ಲಿ ಪರೀಕ್ಷೆಯಾಯಿತು ಎಂಬುದನ್ನು ಬರೆಸಲೇಬೇಕು. ತಾಯಿ ಕಾರ್ಡು, ಸ್ಕ್ಯಾನಿಂಗಿನ ಕಾಗದ ಇವನ್ನು ಜೋಪಾನವಾಗಿಟ್ಟಿದ್ದರೆ ಅವೇ ಸಾಕ್ಷಿ.

ಆಸ್ತಿಯ ಕಾನೂನಿನಲ್ಲಾದರೆ ಗರ್ಭಸ್ಥ ಶಿಶುವಿನ ಸ್ಥಾನ ಬೇರೆಯೇ. ತಂದೆ ಸಾಯುವಾಗ ಗರ್ಭದಲ್ಲಿದ್ದು ಆಮೇಲೆ ಜೀವದಿಂದ ಹುಟ್ಟಿದ ಮಗುವಿಗೆ, ಮೊದಲೇ ಹುಟ್ಟಿದ್ದರೆ ಇರುತ್ತಿದ್ದ ಪಾಲು ಉಂಟೆಂದು 1956ರ ಹಿಂದೂ ಉತ್ತರಾಧಿಕಾರ ಶಾಸನದ 20ನೆಯ ಕಲಮು ಹೇಳುತ್ತದೆ. ಗದ್ದೆ ತೋಟಗಳನ್ನು ಹುಟ್ಟುವವರೆಗೆ ಕಾದಿಡಬಹುದು, ಅದರಿಂದ ಯಾರ ಮೈಗೂ ನೋವಿಲ್ಲ; ಆದುದರಿಂದ ಅಲ್ಲಿ ಈ ಕಲ್ಪನೆ ಸಲ್ಲುತ್ತದೆ.

ದಂಡನೀತಿಯಲ್ಲಿಯೂ ಗರ್ಭಸ್ಥ ಶಿಶುವು ತಾಯಿಯನ್ನು ಕಾಯುವ ಸಂದರ್ಭವೊಂದಿದೆ. ಕೊಂದ ಹೆಂಗಸನ್ನು ನೀರಿಗೆ ಹಾಕಿಸಬೇಕೆಂದು ಕೌಟಿಲ್ಯನು ಹೇಳುತ್ತಾನೆ. ಅವಳು ಗರ್ಭಿಣಿಯಾದರೆ ಹೆತ್ತು ಒಂದು ತಿಂಗಳಾಗುವವರೆಗೆ ತಡೆಯಬೇಕು ಎಂದು ಕೂಡಲೇ ಸೇರಿಸುತ್ತಾನೆ. ಇಂಗ್ಲಿಷರ ಕಾಲದ ಕ್ರಿಮಿನಲ್ ಪ್ರೊಸೀಜರ್ ಕೋಡಿನಲ್ಲಿಯೂ, 1973ರ ಕೋಡಿನ 416ನೆಯ ಕಲಮಿನಲ್ಲಿಯೂ ಇದೇ ಕ್ರಮವಿತ್ತು. ಮರಣದಂಡನೆಗೆ ಗುರಿಯಾದವಳು ಗರ್ಭಿಣಿಯೆಂದು ಕಂಡುಬಂದರೆ ಹೈಕೋರ್ಟು ಗಲ್ಲನ್ನು ಮುಂದೂಡಲೇಬೇಕು, ಮನಸ್ಸಿದ್ದರೆ ಜೀವಾವಧಿಗೆ ಇಳಿಸಬಹುದು ಎಂದಿತ್ತು. ಮುಂದೂಡುವುದೆಂದರೆ, ಮಗುವಿಗಾಗಿ ತಾಯಿಯನ್ನು ಒಂಬತ್ತು ತಿಂಗಳು ಉಳಿಸಿಕೊಂಡು, ಮೊಲೆಹಾಲು ಬೇಕಾದಾಗ ಅವಳನ್ನು ಕೊಲ್ಲುವುದೆಂದೇ ಆಗುತ್ತಿತ್ತು. 2008ರ ತಿದ್ದುಪಡಿ ಶಾಸನವು ಮುಂದೂಡುವ ಮಾತನ್ನೇ ತೆಗೆದುಹಾಕಿತು. ಹೈಕೋರ್ಟು ಶಿಕ್ಷೆಯನ್ನು ಜೀವಾವಧಿಗೆ ಇಳಿಸತಕ್ಕದ್ದು ಎಂದಿತು. ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 456ನೆಯ ಕಲಮಿನಲ್ಲಿಯೂ ಹಾಗೆಯೇ ಇದೆ.